ಸಾಹೇಬರ ಅಳತೆಯ ಕುಣಿ

ಝರಾಸಂಗಂನ ನಮ್ಮ ಹೊಲದ ಮನೆಯಲ್ಲಿ ಬಾಡಿಗೆಗಿದ್ದ ಸ್ಕಾಟ್ಲೆಂಡಿನ ಸಾಹೇಬರಿಗೆ ಹುಚ್ಚು ಒಂದೆರಡಲ್ಲ. ತಮ್ಮ ದೇಶದಲ್ಲಿ ಅವರದು ಕೋಟೆಯಂಥ ಮನೆಯಂತೆ, ದೊರೆಗಳ ಮನೆತನವಂತೆ. ಹತ್ತಾರು ದೇಶಗಳಲ್ಲಿ ರಾಯಭಾರಿಯಾಗಿದ್ದವರು. ಇಲ್ಲಿ ಮಾತ್ರ ಮೊಣಕಾಲಿನವರೆಗಿನ ಚೌಕಳಿ ಲಂಗ ತೊಟ್ಟು, ಕೊರಳಿಗೆ ಟೈ ಬಿಗಿದು, ಜಹೀರಾಬಾದ್ ಬಸ್ಸಿನ ಕಂಡಕ್ಟರನಿಗೂ ಬಾಗಿ ಸಲಾಮು ಹೊಡೆಯುತ್ತಿದ್ದರು. ನಗುವವರು ನಗಲಿ ಎಂದು ಅಪ್ಪ ಅವರನ್ನು ತಲೆಯ ಮೇಲೆ ಹೊತ್ತು ತಿರುಗಿದ. ನನಗೂ ಅವರು ಇಷ್ಟವೇ ಆಗಿದ್ದರು, ದೊಡ್ಡಪ್ಪ ತೀರಿಕೊಂಡು ಅವನನ್ನು ಮಣ್ಣು ಮಾಡಿದ ದಿನದವರೆಗೆ.

ನಮ್ಮಲ್ಲಿ ಸತ್ತವರನ್ನು ಕೂಡಿಸಿ ಹೂಳುತ್ತೇವೆ. ಕುಣಿ ತೋಡುವ ಅಳತೆಯೂ ಸತ್ತವರ ಪಾದದ್ದೇ. ಅದನ್ನೆಲ್ಲ ಕಣ್ಣರಳಿಸಿ ನೋಡಿದ ಸಾಹೇಬರು, ಕಲಿತಷ್ಟು ಕನ್ನಡದಲ್ಲಿ ಅಪ್ಪನಿಗೆ ಹೇಳಿದರು: "ಜಿಂದಗಿ ಪೂರಾ ರಾಜರ ಮುಂದ ನಿಂತೀನ್ರಿ. ಸತ್ತ ಮ್ಯಾಲರೆ ಕುಂದರ್ತೀನಿ. ನಂದೂ ಒಂದು ತೋಡಸ್ರಿ."

ಅಪ್ಪ ಹ್ಞೂಂ ಅಂದುಬಿಟ್ಟ. ಅವರ ಪಾದಕ್ಕೆ ದಾರ ಹಿಡಿದ. ಬದುಕಿದ್ದವರ ಪಾದಕ್ಕೆ! ಹೊಲದ ಬದುವಿನಲ್ಲಿ ಕುಣಿ ತೋಡಿಸಿ, ಒಳಗೆ ತಾಂಡೂರು ಕಲ್ಲು ಹಾಸಿದ್ದೂ ಆಯಿತು. ಸಾಹೇಬರು ಇಳಿದು ಕೂತು, ಅಲ್ಲಿಗೇ ಚಹಾ ತರಿಸಿಕೊಂಡು ಕುಡಿದರು.

ಅವ್ವನ ಮುಖ ಬಿಳಿಚಿಕೊಂಡಿತು. "ತೋಡಿದ ಕುಣಿ ಖಾಲಿ ಬಿಡಬಾರದ್ರಿ. ಅದು ಯಾರನ್ನರೆ ಕರೀತದ. ಮುಚ್ಚಸ್ರಿ."

"ಮಾತು ಕೊಟ್ಟೀನಿ. ಸುಮ್ನಿರು," ಎಂದ ಅಪ್ಪ.

ಮಳೆ ಬಂತು. ಕುಣಿಯಲ್ಲಿ ನಿಂತ ನೀರು ಇಂಗಲಿಲ್ಲ. ಕರುವೊಂದು ಬಿದ್ದು ಕಾಲು ಮುರಿದುಕೊಂಡಿತು. ಅವ್ವ ನನ್ನ ಮಕ್ಕಳನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ. ಇದೆಲ್ಲ ನಂಬುವವಳಲ್ಲ ನಾನು, ಆದರೂ ಹೆದರಿದ್ದೆ.

ದೀಪಾವಳಿ ಹೊತ್ತಿಗೆ ಸಾಹೇಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಅಣ್ಣನ ಮಗ ಬಂದು ವಿಮಾನದಲ್ಲಿ ಕರೆದೊಯ್ದ. ಸಂಕ್ರಾಂತಿ ಕಳೆದ ಮೇಲೆ ಅವನದೇ ಫೋನು: ಸಾಹೇಬರು ತೀರಿಕೊಂಡರು, ಮನೆತನದ ಗೋರಿಯಲ್ಲಿ ಹಿರಿಯರ ಪಕ್ಕ ಮಲಗಿಸಿದ್ದೇವೆ. ಅಪ್ಪ ಫೋನು ಇಟ್ಟು ಕುಣಿಯವರೆಗೆ ಹೋಗಿ ಬಂದ. ಆಮೇಲೆ, "ನಾಳಿ ಮುಚ್ಚಸ್ತೀನಿ," ಎಂದ. ಮರುದಿನ ಮುಂಜಾನೆ ಎದೆ ಹಿಡಿದುಕೊಂಡವನು ಜಹೀರಾಬಾದಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಅಪ್ಪನ ಪಾದ ಅಳೆಯಲು ಚಿಕ್ಕಪ್ಪ ದಾರ ತಂದಾಗ ಅವ್ವ ಕಿತ್ತುಕೊಂಡಳು. ಅಳಲಿಲ್ಲ. "ಹೊಸಾದು ತೋಡಬ್ಯಾಡ್ರಿ. ಅದರಾಗೇ ಕೂಡಸ್ರಿ. ಮನ್ಯಾಗ ಇನ್ನಾ ಕೂಸುಗಳವ."

ಅಪ್ಪ ಗಿಡ್ಡ ಮನುಷ್ಯ. ವಿಭೂತಿ, ಪತ್ರಿ, ಉಪ್ಪು ಎಷ್ಟು ಸುರಿದರೂ ಅವನ ಸುತ್ತ ಜಾಗ ಉಳಿಯುತ್ತಲೇ ಇತ್ತು. ಅವ್ವ ಮಾತ್ರ ನನ್ನ ಮಕ್ಕಳ ಕೈ ಬಿಗಿಯಾಗಿ ಹಿಡಿದು, "ಲಗೂನ ಮಣ್ಣು ಎಳೀರಿ, ಲಗೂನ ಎಳೀರಿ," ಎನ್ನುತ್ತಿದ್ದಳು.