ಕಡಲಿಗೆ ಹೊರಟಿದ್ದ ರಾಡಿ

ಇಂದ್ರವ್ವ ಘೋಡಗೇರಿಯ ಮಗಳು. ಹಿಡಕಲ್ ಜಲಾಶಯದ ಹಿನ್ನೀರಿನ ದಂಡೆಯ ಸಣ್ಣ ಊರಿಗೆ ಸೊಸೆಯಾಗಿ ಬಂದಳು. ಗಂಡ ಬೇಗ ತೀರಿಕೊಂಡ. ಕೂಲಿ ಮಾಡಿ ಮಗಳು ಮಯೂರಿಯನ್ನು ಓದಿಸಿದಳು. ಅತ್ತೆ ಶಂಕ್ರವ್ವ ಹಾಸಿಗೆ ಹಿಡಿದ ಮೇಲೆ ಹೊಲದಿಂದ ಆ ಹಾಸಿಗೆ, ಹಾಸಿಗೆಯಿಂದ ಹೊಲ, ಇಷ್ಟೇ ಅವಳ ತಿರುಗಾಟ. ಮಯೂರಿಗೆ ಕೃಷ್ಣಾ ನದಿ ಸಮುದ್ರ ಸೇರುವ ಕಡೆ ನೌಕರಿ, ಕಡಲದಂಡೆ ಎಷ್ಟು ಸವೆಯಿತೆಂದು ಅಳೆಯುವುದು. ಪ್ರತಿ ವರ್ಷವೂ ತಾಯಿಯನ್ನು ಅಲ್ಲಿಗೆ ಕರೆಯುತ್ತಿದ್ದಳು. "ಮುದುಕಿನ್ನ ಯಾರ್ ನೋಡ್ತಾರ್ವಾ" ಎಂದು ಇಂದ್ರವ್ವ ಮಾತು ಮುಗಿಸುತ್ತಿದ್ದಳು.

ಈ ಬೇಸಿಗೆಗೆ ಮಯೂರಿ ಊರಿಗೆ ಬಂದಿದ್ದಳು. ನೀರು ದೂರ ಸರಿದು ಜಲಾಶಯದ ತಳ ಬಿದ್ದುಕೊಂಡಿತ್ತು. ಮೇಲೆ ಒಣಗಿದ ಹೂಳು, ಒಳಗೆ ಅಂಬಲಿಯಂಥ ಕೆಸರು. ಹೊಲಕ್ಕೆ ಹಾಕುವ ಹೂಳನ್ನು ಅದೇ ಊರಿನ ಮೌಲಾಅಲಿಯ ಟ್ರ್ಯಾಕ್ಟರಿಗೆ ತುಂಬಲು ಇಂದ್ರವ್ವ ಹೋಗಿದ್ದಳು. ಬುತ್ತಿ ತಂದ ಮಗಳು ದಂಡೆಯಲ್ಲಿ ಕುಳಿತಿದ್ದಳು. ಅಷ್ಟರಲ್ಲಿ ಯಾರದೋ ಆಡು ನೀರಿನತ್ತ ಓಡಿತು. ತಿರುಗಿಸಲು ಹೋದ ಇಂದ್ರವ್ವನ ಕಾಲಡಿ ಒಣ ಪದರ ಒಡೆಯಿತು. ಆಡು ಹಗುರಾಗಿ ಪಾರಾಯಿತು. ಅವಳು ತೊಡೆಯ ತನಕ ಇಳಿದಳು. ಒಂದು ಕಾಲು ಎತ್ತಲು ಹೋದರೆ ಇನ್ನೊಂದು ಆಳಕ್ಕೆ. ಸೊಂಟದವರೆಗೆ ಹೂಳು ಬಂತು.

"ಅಲ್ಲಾಡಬ್ಯಾಡ್ರಿ ಅಕ್ಕಾ" ಎಂದು ಮೌಲಾಅಲಿ ದೂರದಿಂದಲೇ ಕೂಗಿದ. "ಹಿಂದ ಒರಗ್ರಿ. ಎಳದ್ರ ಇನ್ನಾ ಬಿಗಿ ಆಕ್ಕೈತಿ." ಮಲಗುವ ಹೊರಸು, ಕಬ್ಬಿನ ಒಣಗರಿಯ ರವದಿ ತರಲು ಊರಿಗೆ ಟ್ರ್ಯಾಕ್ಟರ್ ಓಡಿಸಿದ.

ಮಯೂರಿ ಗಟ್ಟಿ ನೆಲ ಇರುವಷ್ಟು ಹತ್ತಿರ ಬಂದು ಬೋರಲು ಮಲಗಿದಳು. ಆದರೂ ಅವಳ ಕೈ ತಾಯಿಗೆ ಸಿಗಲಿಲ್ಲ.

"ಏನರ ಮಾತಾಡ" ಎಂದಳು ಇಂದ್ರವ್ವ. "ಇಷ್ಟ್ ರಾಡಿ ಎಲ್ಲಿಂದ ಬಂತ?"

"ಸಹ್ಯಾದ್ರಿ ಗುಡ್ಡದಾಗಿಂದ. ಮಳಿ ಕಲ್ಲ ಸವಸ್ತೈತಿ, ಹೊಲದ ಮಣ್ಣ ತೊಳೀತೈತಿ. ಹೊಳಿ ಅದನ್ನ ಹೊತ್ಕೊಂಡ ಬರ್ತೈತಿ. ಇಲ್ಲಿ ನೀರ ನಿಂತತಿ, ಅದಕ ತಳಕ್ಕ ಕುಂತತಿ."

"ಇಲ್ಲಿ ನಿಲ್ದಿದ್ರ?"

"ನಾ ಇರೂ ಕಡೀಗೆ ಬರ್ತಿತ್ತವ್ವಾ. ಈ ನಮ್ಮ ಘಟಪ್ರಭಾ ಕೃಷ್ಣಾಕ್ಕ ಕೂಡ್ತಾಳ, ಕೃಷ್ಣಾ ಸಮುದ್ರಕ್ಕ. ತೆರಿ ಓರಿಯಾಗಿ ಬಂದ ಬಡೀತಾವ, ಉಸುಕನ್ನ ದಂಡಿಗುಂಟ ಸರಸ್ಕೋತ ಹೋಗ್ತಾವ. ಒಂದ್ ಕಡೆ ಕಿತ್ತದ್ದನ್ನ ಇನ್ನೊಂದ ಕಡೆ ಒಟ್ತಾವ. ಈಗ ಹೊಸಾ ಉಸುಕ ಬರೂದ ಭಾಳ ಕಡಿಮಿ. ಮುಂದನೂ ಡ್ಯಾಮ್ ಅದಾವಲ್ಲ. ಸಮುದ್ರ ದಂಡೀನ ತಿನ್ನಾಕತ್ತೈತಿ. ಅಲ್ಲೆ ಒಂದ್ ಊರಾಗ ತಾಳಿಮರದ ಸಾಲ ನೀರಾಗ ಬಿದ್ದಾವ."

ಇಂದ್ರವ್ವನ ಕಾಲುಗಳು ಜೋಮು ಹಿಡಿದಿದ್ದವು. ಸಾವಿನ ಭಯದ ನಡುವೆಯೇ ಅವಳಿಗೆ ಇನ್ನೊಂದು ಹೊಳೆಯಿತು: ಈ ಹೊತ್ತು ಅತ್ತೆ ಕೂಗಿದರೂ ತಾನು ಹೋಗುವಂತಿಲ್ಲ. ಎಷ್ಟೋ ವರ್ಷಗಳಲ್ಲಿ ಯಾರ ಕೈಗೂ ಸಿಗದೆ ನಿಂತದ್ದು ಇದೇ ಮೊದಲು. ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆ ನಾಚಿಕೆಯಾಗಿ ಕಣ್ಣು ಮುಚ್ಚಿದಳು.

ಮೌಲಾಅಲಿ ಊರವರೊಂದಿಗೆ ಬಂದ. ರವದಿ ಹಾಸಿ, ಮೇಲೆ ಹೊರಸು ಬೋರಲು ಹಾಕಿ, ತೆವಳುತ್ತ ಅವಳ ಬಳಿ ಹೋದ. ಕೊಡಗಟ್ಟಲೆ ನೀರನ್ನು ತೊಡೆಗುಂಟ ಸುರಿಸಿದ. ನೀರು ಇಳಿದಲ್ಲೆಲ್ಲ ಹೂಳು ಸಡಿಲವಾಗಿ ಮೊದಲು ಎಡಗಾಲು ಬಂತು, ಬಹಳ ಹೊತ್ತಿನ ಮೇಲೆ ಬಲಗಾಲು. ಮೊಣಕಾಲು ತಿರುಚಿಕೊಂಡಿತ್ತು. ದಂಡೆಗೆ ತಂದು ಮಲಗಿಸಿದಾಗ ಮಯೂರಿ ತಾಯಿಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

"ನನ್ನ ಸಂಗಾಟ ಬಾ. ಎಂಟ್ ದಿನ ಇದ್ದ ಹೋಗೀಯಂತ."

"ಇವತ್ತ ಹೊಂಟ ಬಿಡೂಣು ಅನಸ್ತೈತಿ" ಎಂದಳು ಇಂದ್ರವ್ವ. ಹಾಗೆ ಅವಳು ಹಿಂದೆಂದೂ ಅಂದಿರಲಿಲ್ಲ.

ಮನೆಗೆ ಬಂದರೆ ಶಂಕ್ರವ್ವನ ಹಾಸಿಗೆ ಒದ್ದೆಯಾಗಿತ್ತು. "ಎಲ್ಲಿ ಸತ್ತಿದ್ದಿ?" ಎಂದು ಮುದುಕಿ ಮುಖ ತಿರುಗಿಸಿ, ಅವಳ ಸೆರಗನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು. ಇಂದ್ರವ್ವ ಸೆರಗು ಬಿಡಿಸಿಕೊಳ್ಳಲಿಲ್ಲ. ಒಂದೇ ಕೈಯಲ್ಲಿ ಹಾಸಿದ ದುಪ್ಪಡಿ ಎಳೆದು ಬದಲಿಸಿದಳು.

ರಜೆ ಮುಗಿದ ಮೇಲೆ ಕುಂಟುತ್ತಲೇ ಯಮಕನಮರಡಿಯ ಬಸ್ ನಿಲ್ದಾಣದ ತನಕ ಹೋಗಿ ಮಗಳನ್ನು ಬಸ್ಸು ಹತ್ತಿಸಿದಳು. ಮಯೂರಿ ಕಿಟಕಿಯಿಂದ ಮತ್ತೆ ಕರೆದಳು. ಈ ಸಲ ಇಂದ್ರವ್ವ ಅತ್ತೆಯ ಹೆಸರು ಹೇಳಲಿಲ್ಲ, ಕಿಟಕಿಯೊಳಗೆ ಮಗಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಬಸ್ಸು ಹೆದ್ದಾರಿ ಸೇರಿತು. ಅವಳು ಮಧ್ಯಾಹ್ನದೊಳಗೆ ಮುದುಕಿಯ ಮಗ್ಗಲು ಬದಲಿಸಬೇಕಾಗಿತ್ತು. ಊರಿನ ಟೆಂಪೋ ಹುಡುಕಿ ಹತ್ತಿದಳು.