ಹೋಳಿಗೆ ಉಂಡ ಕೌದಿ

ಪವಾಯಿಯ ಹದಿನಾಲ್ಕನೇ ಮಹಡಿಯ ಈ ಬೆಡ್‌ರೂಮಿನಲ್ಲಿ ಏಸಿಯ ಗಾಳಿಯ ಜೊತೆಗೆ ಇನ್ನೊಂದು ವಾಸನೆ ಇದೆ. ಏಲಕ್ಕಿಯದು. ನೀವು ಬಂದರೂ ನಿಮಗೆ ಗೊತ್ತಾಗಲಿಕ್ಕಿಲ್ಲ. ಗೊತ್ತಾಗಬೇಕಾದರೆ ನನ್ನ ಹಾಗೆ ಕೌದಿಯ ಮೂಲೆಗೆ ಮೂಗು ಒತ್ತಿ ಮೂಸಬೇಕು. ಹಾಗೆ ಮೂಸುತ್ತಿರುವಾಗಲೇ ನನ್ನ ಸೋದರತ್ತೆಯ ಮಗಳು ಸುಮಿ ಬಾಗಿಲಲ್ಲಿ ಬಂದು ನಿಂತು, "ಕೂಸು ನೋಡ್ಕೊಳ್ಳಾಕ ನಿನ್ನ ಕರದೇನಿ, ಕೌದಿ ಮೂಸಾಕಲ್ಲ" ಎಂದು ಹೇಳಿ ತನ್ನ ಆನ್‌ಲೈನ್ ಮೀಟಿಂಗಿಗೆ ಓಡಿದಳು. ಅವಳ ಎರಡು ವರ್ಷದ ಮಗಳು ಚಿನ್ನು ಅದೇ ಕೌದಿಯ ಮೇಲೆ ಬೋರಲು ಬಿದ್ದು ನಿದ್ದೆ ಹೊಡೆಯುತ್ತಿದ್ದಾಳೆ. ಅವಳು ಏಳುವವರೆಗೆ ನಾವಿಬ್ಬರೂ ಆರಾಮ. ಕೂತುಕೊಳ್ಳಿ. ಮೆಲ್ಲಗೆ.

ಚಿನ್ನು ಇನ್ನೂ ಹೊಟ್ಟೆಯಲ್ಲಿದ್ದಾಗಿನ ಮಾತು. ನಾನು ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ, ಪ್ರಗತಿ ಏನೆಂದರೆ ಈಗ ಕೂರಲು ಸ್ಟೂಲು ಕೊಟ್ಟಿದ್ದಾರೆ. ಗಿರಾಕಿಗಳನ್ನು ಅಣಕಿಸುವುದು ನನ್ನ ಮುಖ್ಯ ಉದ್ಯೋಗ, ಕವರ್ ಮಾರುವುದು ಉಪವೃತ್ತಿ. ಲೋಕಲ್‌ನ ಅನೌನ್ಸ್‌ಮೆಂಟಿನ ಹೆಂಗಸು, ನೀರಿನ ಟ್ಯಾಂಕರಿನವನು, ನಮ್ಮ ಚಾಳಿನ ಸೆಕ್ರೆಟರಿ, ಕನ್ನಡಿಯಲ್ಲಿ ತಲೆ ಬಾಚುವ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಬಾರದೇ ಹೋದದ್ದು ಒಂದೇ ದನಿ, ಸುಮಿಯ ಅವ್ವ ದ್ಯಾಮವ್ವತ್ತೆಯದು. ಅವಳ ಹಾಗೆ ಮಾತಾಡಲು ಹೋದಾಗಲೆಲ್ಲ ಕೆಮ್ಮಿದ ಎಮ್ಮೆಯಂತೆ ಕೇಳುತ್ತಿತ್ತು. ಅದನ್ನು ಹೇಳಿದವಳೂ ಅತ್ತೆಯೇ.

ಅಂಗಡಿಗೆ ಒಂದು ದಿನ ಫೋನಿನ ಕ್ಯಾಮೆರಾಕ್ಕೆ ಕ್ಲಿಪ್ಪಿನಂತೆ ಸಿಕ್ಕಿಸುವ ಲೆನ್ಸು ಬಂತು. ಬಟ್ಟೆಯ ಗುಂಡಿಯಷ್ಟು ಗಾತ್ರ, ಆದರೆ ಅದರ ಮುಂದೆ ಸೊಳ್ಳೆ ಹಿಡಿದರೆ ಹೆಲಿಕಾಪ್ಟರು. ನನಗೆ ಹುಚ್ಚೇ ಹಿಡಿಯಿತು. ಚಾಳಿನ ಹಿಂದೆ, ಕಾಂಪೌಂಡ್ ಗೋಡೆಗೂ ಗಟಾರಕ್ಕೂ ನಡುವೆ, ಹಳೇ ಪೇಂಟ್ ಡಬ್ಬಿಗಳಲ್ಲಿ ತುಳಸಿ, ಕರಿಬೇವು, ಅವುಗಳ ಸುತ್ತ ಯಾರೂ ನೆಡದ ಹಳದಿ ಹೂವಿನ ಕಳೆ. ನಾನು ಅದಕ್ಕೆ ನಮ್ಮ ಅಭಯಾರಣ್ಯ ಎಂದು ಹೆಸರಿಟ್ಟೆ. ದಿನಾ ಮುಂಜಾನೆ ಅಲ್ಲಿ ಅಂಗಾತ, ಬೋರಲು, ಮಗ್ಗುಲಾಗಿ ಮಲಗಿ ಜೇಡದ ಕಣ್ಣು, ಹೂವಿನ ಪರಾಗ, ಕಂಬಳಿಹುಳದ ಮೀಸೆಯ ಫೋಟೊ ತೆಗೆಯುತ್ತಿದ್ದೆ. ಟಾಯ್ಲೆಟ್ಟಿನ ಸಾಲಿನಲ್ಲಿ ಬಕೆಟ್ ಹಿಡಿದು ನಿಂತವರು ನನ್ನನ್ನು ಎಬ್ಬಿಸಿ, ಡಾಕ್ಟರಿಗೆ ಫೋನ್ ಮಾಡಬೇಕೇ ಎಂದು ಕೇಳುತ್ತಿದ್ದರು.

ಅದೇ ದಿನಗಳಲ್ಲಿ ಅತ್ತೆ ಚಾಳಿನ ನಮ್ಮ ರೂಮಿನ ಮುಂದಿನ ಗ್ಯಾಲರಿಯಲ್ಲಿ ಕಾಲು ಚಾಚಿ ಕೂತು ಮೊದಲ ಮೊಮ್ಮಗುವಿಗೆ ಕೌದಿ ಹೊಲಿಯುತ್ತಿದ್ದಳು. ತಾನು ಉಟ್ಟು ಉಟ್ಟು ಬೆಣ್ಣೆಯಾದ ಸೀರೆಗಳ ತುಂಡು, ಮೇಲೆ ಕೆಂಪು ಹಳದಿಯ ತ್ರಿಕೋನಗಳು. ಕೂಸು ಹುಟ್ಟಿದ ಮೇಲೆ ಮೊದಲು ಮಲಗುವುದು ತನ್ನ ಕೌದಿಯ ಮೇಲೆ ಎಂಬುದೊಂದೇ ಅವಳ ಆಸೆ. ಅದಕ್ಕೆ ಸುಮಿ ಇನ್ನೂ ಹೂಂ ಅಂದಿರಲಿಲ್ಲ. ಹಳೇ ಬಟ್ಟೆ, ಧೂಳು, ಅಲರ್ಜಿ ಎಂದೆಲ್ಲ ಓದಿಕೊಂಡಿದ್ದಳು, ಆನ್‌ಲೈನಿನಲ್ಲಿ ಮೋಡದಂಥ ಬಿಳಿ ಹೊದಿಕೆ ನೋಡಿಟ್ಟಿದ್ದಳು. ಮುಗಿದ ಮೇಲೆ ಫೋಟೊ ಕಳಸು, ನೋಡಿ ಹೇಳ್ತೇನಿ ಎಂದಳಂತೆ. ಹೆತ್ತ ತಾಯಿಯ ಕೌದಿಗೆ ಇಂಟರ್‌ವ್ಯೂ. ಫೋಟೊಗ್ರಾಫರ್ ಯಾರು? ನಾನೇ.

ಮೊದಲ ಅನಾಹುತ ಹೊಲಿಗೆಯದು. ನನ್ನ ಲೆನ್ಸಿನಲ್ಲಿ ಅತ್ತೆಯ ಸಾಲುಹೊಲಿಗೆ ನೋಡಿದರೆ ಕುಡಿದು ನಡೆದವನ ಹೆಜ್ಜೆಗಳು. ನಾನು ಖುಷಿಯಿಂದ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, ಇಷ್ಟು ಸೊಟ್ಟ ಹಾಕೇನೇನ ಎಂದು ಗಾಬರಿಯಾಗಿ ಎರಡು ಸಾಲು ಬಿಚ್ಚಿದಳು. ಬಿಚ್ಚಿ ಮತ್ತೆ ಹಾಕಿದ್ದು ಇನ್ನೂ ಸೊಟ್ಟ. ಆಮೇಲೆ ನಾನು ಲೆನ್ಸು ಹಿಡಿದು ಆ ಕಡೆ ಸುಳಿದರೆ ಸೂಜಿ ತೋರಿಸುತ್ತಿದ್ದಳು.

ಕೌದಿ ಮುಗಿಯುವಾಗ ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ತುತ್ತು ಇಟ್ಟು ಹೊಲಿಯಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೂ ಹಸಿವು ತಪ್ಪುವುದಿಲ್ಲವಂತೆ. ಎಲ್ಲರೂ ಇಡುವುದು ಒಣ ರೊಟ್ಟಿಯ ಚೂರು, ಉಗುರಿನಷ್ಟು. ಆದರೆ ಇದು ಮೊದಲ ಮೊಮ್ಮಗು. ಅತ್ತೆ ಹೋಳಿಗೆ ಮಾಡಿದಳು. ಏಲಕ್ಕಿ ಕುಟ್ಟಿ ಹಾಕಿದಳು. ಸಾಲದೆಂದು ಒಂದು ಚೂರನ್ನು ತುಪ್ಪದಲ್ಲಿ ಅದ್ದಿ, ಮೂಲೆಯಲ್ಲಿಟ್ಟು, ಕಣ್ಣಿಗೊತ್ತಿಕೊಂಡು ಹೊಲಿದುಬಿಟ್ಟಳು.

ಮರುದಿನ ಮುಂಜಾನೆ ನಾನು ಅಭಯಾರಣ್ಯಕ್ಕೆ ಹೊರಟವನು ಗ್ಯಾಲರಿಯಲ್ಲೇ ನಿಂತೆ. ಗೋಡೆಯಿಂದ ಇಳಿದು, ಕಟ್ಟೆ ದಾಟಿ, ಕೌದಿಯ ಮೂಲೆಯವರೆಗೆ ಇರುವೆಗಳ ಸಾಲು. ಕಚ್ಚದ ಸಣ್ಣ ಕರಿ ಇರುವೆಗಳು, ಬಡಪಾಯಿ ಜಾತಿ. ಹಳದಿ ತ್ರಿಕೋನದ ತುದಿಯಲ್ಲಿ ಒಂದು ಇರುವೆ ಹೊಲಿಗೆಯ ಸಂದಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿತು. ಕ್ಲಿಕ್ ಮಾಡಿದೆ. ನನ್ನ ಜೀವಮಾನದ ಫೋಟೊ: ಹಿಂದೆ ಹೂವಿನ ಎಸಳಿನಂತೆ ಹಳದಿ ಬಟ್ಟೆ, ಹಗ್ಗದಷ್ಟು ದಪ್ಪ ದಾರ, ನಡುವೆ ಕತ್ತರಿಯಂಥ ದವಡೆ ತೆರೆದ ರಾಕ್ಷಸ. ಸ್ಟೇಟಸ್ಸಿಗೆ ಹಾಕಿದೆ. ಕೆಳಗೆ, "ಅತ್ತೆಯ ಕೌದಿಯ ಮೊದಲ ಅತಿಥಿ" ಎಂದು ಬರೆದೆ.

ಎಂಟು ತಿಂಗಳ ಹೊಟ್ಟೆ ಹೊತ್ತ ಸುಮಿ ಪವಾಯಿಯಿಂದ ರಿಕ್ಷಾ ಮಾಡಿಕೊಂಡು ಮಧ್ಯಾಹ್ನದೊಳಗೆ ಬಂದಳು.

"ಅವ್ವಾ, ಸೀರಿಯಸ್ಲಿ? ಇದರ ಮ್ಯಾಲ ನನ್ನ ಬೇಬೀನ ಮಲಗಸ್ಲಿ? ಅದರಾಗ ಡೈನೋಸಾರ್ ಐತಿ ಯಾರ್."

ಅತ್ತೆ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಅಣಕಿಸಿಲ್ಲ, ಅಣಕಿಸುವ ಧೈರ್ಯವಿಲ್ಲ. ಮೂಲೆ ಬಿಚ್ಚಿ ಆ ಹೋಳಿಗೆ ತೆಗೆದುಬಿಡು ಎಂದಳು ಸುಮಿ. ಅತ್ತೆ ಆಗುವುದಿಲ್ಲವೆಂದಳು, ಉಣ್ಣುವವರ ಬಾಯಿಂದ ತುತ್ತು ಕಸಿದಂತೆ ಅದು. ಹಾಗಾದರೆ ವಾಷಿಂಗ್ ಮಶಿನ್ನಿಗೆ ಹಾಕು ಎಂದಳು ಸುಮಿ. ಒಳಗೇ ಕಟ್ಟಿನ ಸಾರಾಗುತ್ತದೆ ಎಂದು ನಾನು ಸೆಕ್ರೆಟರಿಯ ದನಿಯಲ್ಲಿ ಎಚ್ಚರಿಸಿದೆ, ಇಬ್ಬರೂ ನಗಲಿಲ್ಲ. ಸುಮಿ ಪರ್ಸು ಎತ್ತಿಕೊಂಡು, "ಜಾನೇ ದೋ, ನಾ ಆ ಬಿಳೀದ ಆರ್ಡರ್ ಮಾಡ್ತೇನಿ" ಎಂದಳು. ಅತ್ತೆ ಕೌದಿಯನ್ನು ಮಡಿಸತೊಡಗಿದಳು.

ಏನು ಮಾಡಲೂ ತೋಚದೆ ಲೆನ್ಸು ಹಿಡಿದೆ, ನನಗೆ ಬೇರೆ ಏನು ಬರುತ್ತದೆ? ಆಗ ಕಂಡದ್ದು: ಇರುವೆಗಳು ಒಳಗೆ ಮನೆ ಮಾಡಿರಲಿಲ್ಲ. ಹೊರಬರುವ ಒಂದೊಂದರ ಬಾಯಲ್ಲೂ ಹೂರಣದ ಒಂದೊಂದು ಕಣ. ಸಾಮಾನು ಸಾಗಿಸುತ್ತಿದ್ದವು. ಅತ್ತೆಯ ಕೈಯಿಂದ ಕೌದಿ ಕಸಿದು ಕಟ್ಟೆಯ ಮೇಲೆ ಹರವಿ, ಅಭಯಾರಣ್ಯದಿಂದ ತುಳಸಿಯ ಡಬ್ಬಿ ತಂದಿಟ್ಟು, ಕೌದಿಯ ಮೂಲೆ ಅದಕ್ಕೆ ತಾಗುವಂತೆ ಎಳೆದೆ. ಇರುವೆಗಳಿಗೆ ಹೊಸ ಲೈನು ಸಿಕ್ಕಿತು. ಲೋಕಲ್‌ನ ಹೆಂಗಸಿನ ದನಿಯಲ್ಲಿ ಶುರು ಮಾಡಿದೆ: ಮುಂದಿನ ನಿಲ್ದಾಣ, ತುಳಸಿ, ಕೌದಿ ಮತ್ತು ತುಳಸಿಯ ನಡುವಿನ ಅಂತರ ಗಮನಿಸಿ. ಒಂದು ಇರುವೆ ತನಗಿಂತ ದೊಡ್ಡ ಕಡಲೆಬೇಳೆಯ ಚೂರು ಎಳೆದುಕೊಂಡು ಹಿಂದುಹಿಂದಕ್ಕೆ ನಡೆಯುತ್ತಿತ್ತು. ಇವನು ವಿರಾರ್ ಫಾಸ್ಟ್‌ನಲ್ಲಿ ಲಗೇಜ್ ತಂದಿದ್ದಾನೆ ಎಂದೆ. ಸುಮಿಯ ಮೂಗಿನ ಹೊಳ್ಳೆ ಅರಳಿತು. ನಗು ತಡೆದಾಗ ಅವಳಿಗೆ ಹಾಗಾಗುತ್ತದೆ. "ತಾ, ಇಲ್ಲಿ ಕೊಡ" ಎಂದು ಫೋನು ಕಸಿದುಕೊಂಡು ಸ್ಟೂಲಿನ ಮೇಲೆ ಕೂತಳು. ಮದುವೆಯಾದ ಮೇಲೆ ಆ ಗ್ಯಾಲರಿಯಲ್ಲಿ ಅವಳು ಒಂದು ಚಹಾಕ್ಕಿಂತ ಹೆಚ್ಚು ಹೊತ್ತು ಕೂತದ್ದು ಅದೇ ಮೊದಲು. ಪಕ್ಕದ ರೂಮಿನವರು ಬಂದರು, ಬಾಜಿ ಕಟ್ಟಿದರು, ಯಾರೋ ಕಾಂದಾ ಭಜಿ ತಂದರು. ಸುಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನವಳೂ ಒದ್ದಳಂತೆ.

ಬಿಸಿಲು ಇಳಿಯುವಾಗ ಕೊನೆಯ ಇರುವೆ ತುಳಸಿಯಲ್ಲಿ ಇಳಿಯಿತು. ಅತ್ತೆ ಮೂಲೆ ಹಿಸುಕಿ ನೋಡಿದಳು, ಚಪ್ಪಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಸುಮಿಯ ಮುಖ ಸಣ್ಣದಾಗಿತ್ತು. ಅಲರ್ಜಿ, ಧೂಳು ಎಲ್ಲ ಓದಿಕೊಂಡ ಸುಮಿ ಮೆಲ್ಲಗೆ, "ಅವ್ವಾ, ಈಗದು ಖಾಲಿ ಆತಲ್ಲ. ನಡೀತೈತೇನ?" ಎಂದು ಕೇಳಿದಳು.

"ಉಂಡಿದ್ದು ಹೊಟ್ಟ್ಯಾಗ ಕುಂತಿರತೈತೇನ ಹುಚ್ಚಿ? ಮುಂಜಾನೆ ನೀ ತಿಂದಿದ್ದು ಈಗ ಎಲ್ಲೈತಿ ತೋರ್ಸು. ಉಂಡೈತಿ, ತಣ್ಣಗ ಮಕ್ಕೊಂಡೈತಿ. ತಗೊಂಡ್ ಹೋಗ."

ಸುಮಿ ಕೌದಿಯನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿದಳು. ನನಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನನ್ನ ಫೋನು ಸಹ ಅವಳ ಪರ್ಸಿನಲ್ಲೇ ಹೋಗಿತ್ತು.

ನೋಡಿ, ಚಿನ್ನು ಎದ್ದಳು. ಕಣ್ಣು ಬಿಡುವ ಮೊದಲೇ ಬಿಸ್ಕಿಟ್ ಕೇಳುವ ಜನ್ಮ. ಕೊಟ್ಟೆ. ಅರ್ಧ ತಿಂದು, ಉಳಿದ ಜೊಲ್ಲಿನ ತುಂಡನ್ನು ಕೌದಿಯ ಮೂಲೆಗೆ ಒತ್ತುತ್ತಿದ್ದಾಳೆ, "ಆಂ ಮಾಡು, ಆಂ" ಎನ್ನುತ್ತಾ. ಇದನ್ನು ಅವಳಿಗೆ ಹೇಳಿಕೊಟ್ಟವರು ಯಾರು? ಅಭ್ಯಾಸಬಲದಿಂದ ಜೇಬಿನ ಲೆನ್ಸಿಗೆ ಕೈ ಹಾಕಿದವನು ಹಾಗೇ ಬಿಟ್ಟೆ. ಹೊಲಿಗೆಯ ಸಂದಿ ಅವಳ ಬೆರಳಿಗೆ ತೆರೆದುಕೊಳ್ಳುತ್ತಿಲ್ಲ. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೇ ದಾರ ಸರಿಸಿ ಹಿಡಿದೆ.

"ಏ ಖೋಡಿ, ಬಿಸ್ಕಿಟ್ ಬ್ಯಾಡ. ಡಬ್ಬ್ಯಾಗ ಒಣ ರೊಟ್ಟಿ ಐತಿ, ಅದನ್ನ ಹಾಕು."

ಅತ್ತೆ ಯಾವಾಗ ಬಂದಳೆಂದು ಬೆಚ್ಚಿ ತಿರುಗಿದೆ. ಹೆಡ್‌ಫೋನಿನ ಮೈಕನ್ನು ಅಂಗೈಯಿಂದ ಮುಚ್ಚಿಕೊಂಡು ಬಾಗಿಲಲ್ಲಿ ನಿಂತವಳು ಸುಮಿ. ನನ್ನ ಗಂಟಲಿಗೆ ಎಂದೂ ದಕ್ಕದ ಆ ದನಿ ಅವಳ ಬಾಯಲ್ಲಿ ಸಲೀಸಾಗಿ ಬಂದಿತ್ತು, ಬಂದದ್ದು ಅವಳಿಗೆ ಗೊತ್ತೂ ಇರಲಿಲ್ಲ. ರೊಟ್ಟಿ ತರಲು ಎದ್ದೆ.