ದೀಪ ಬೇಗ ಹಚ್ಚಿದ ದಿನಗಳು

ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. ಹೇಳಲಿಕ್ಕೆ ಸಮಯ ಇರಲಿಲ್ಲವೆಂದಲ್ಲ. ಉಪದ್ರ ಉಂಟಾ ಎಂದು ಎದುರು ನಿಂತು ಕೇಳಿದವರೂ ಇದ್ದರು. ಕೇಳಿದಾಗ ನಾನು ಇಲ್ಲ ಎಂದೆ. ಅದನ್ನು ನನ್ನ ತಂಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಮಿಕ್ಕಿದ್ದನ್ನು ತಂಗಿಯ ಹಳೆಯ ಪುಸ್ತಕಗಳಿಂದ ಕಲಿತೆ. ಹಾಗಾಗಿ ನನಗೆ ಬರುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಅರವತ್ತರ ದಶಕ ಶುರುವಾದ ಹೊಸತು. ನಮ್ಮೂರು ಅರಂತೋಡಿನಲ್ಲಿ ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮಿಬ್ಬರನ್ನು ಪುತ್ತೂರಿಗೆ ತಂದು ಒಂದು ಬಾಡಿಗೆಯ ಬಿಡಾರದಲ್ಲಿ ಇಳಿಸಿದರು. ತಾವು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರು. ಎರಡು ಮೂರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಆಗ ನನಗೆ ಇಪ್ಪತ್ತು ವರ್ಷ, ತಂಗಿಗೆ ಹದಿನೈದು. ನಾನು ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆ, ಅವಳು ಹೈಸ್ಕೂಲಿಗೆ ಹೋಗುತ್ತಿದ್ದಳು. ಅವಳು ಟೀಚರ್ ಆಗಬೇಕು ಎಂಬುದು ಅಮ್ಮನ ಆಸೆಯಾಗಿತ್ತು. ಅಮ್ಮ ಹೋದ ಮೇಲೆ ಆ ಆಸೆ ನನ್ನ ಪಾಲಿಗೆ ಬಂತು.

ಒಂದೇ ಹಂಚಿನ ಮಾಡಿನ ಕೆಳಗೆ ಸಾಲಾಗಿ ಆರು ಬಿಡಾರಗಳು. ನಡುವಿನ ಗೋಡೆಗಳು ಮಾಡಿಗೆ ಮುಟ್ಟುತ್ತಿರಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತುಬಿಡುತ್ತಿದ್ದವು. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಒಂದು ಮನೆಯ ಒಗ್ಗರಣೆ ಆರು ಮನೆಯ ಮೂಗಿಗೆ ಬರುತ್ತಿತ್ತು. ನನ್ನ ತಂಗಿ ಸೀನಿದರೆ ಮೂರನೇ ಬಿಡಾರದಿಂದ ಯಾರೋ “ನೂರು ವರ್ಷ” ಎನ್ನುತ್ತಿದ್ದರು.

ನಮ್ಮ ಬಲಗಡೆಗೆ ಗಾಡಿ ಅಜ್ಜ ಇದ್ದರು. ಮೊದಲು ಎತ್ತಿನ ಗಾಡಿಯಲ್ಲಿ ಪುತ್ತೂರಿನಿಂದ ಸುಳ್ಯ ದಾಟಿ ಘಟ್ಟದ ಮೇಲಕ್ಕೆ ಸಾಮಾನು ಸಾಗಿಸಿದವರು. ಲಾರಿಗಳು ಹೆಚ್ಚಾದ ಮೇಲೆ ಎತ್ತುಗಳನ್ನು ಮಾರಿ ಒಬ್ಬರೇ ಉಳಿದಿದ್ದರು. ಘಟ್ಟದ ಚಳಿಯಲ್ಲಿ ಗಾಂಜಾ ಸೇದಲು ಕಲಿತಿದ್ದರಂತೆ. ಗಾಡಿ ಹೋದರೂ ಚಿಲುಮೆ ಉಳಿಯಿತು. ಸಂಜೆ ಅವರು ಚಿಲುಮೆ ಹಚ್ಚಿದರೆ, ಹಸಿ ಸೊಪ್ಪು ಸುಟ್ಟಂಥ ದಪ್ಪ ಹೊಗೆ ಗೋಡೆಯ ಮೇಲೆ ಹತ್ತಿ ನಮ್ಮ ಕೋಣೆಗೆ ಇಳಿಯುತ್ತಿತ್ತು. ತಂಗಿ ಓದಲು ಕೂರುವುದೂ ಅದೇ ಹೊತ್ತಿಗೆ. ಅವಳಿಗೆ ಚಿಕ್ಕಂದಿನಿಂದ ದಮ್ಮು. ಮೊದಲು ಕೆಮ್ಮು, ಆಮೇಲೆ ಎದೆಯೊಳಗೆ ಬೆಕ್ಕಿನ ಮರಿ ಕೂತ ಹಾಗೆ ಸದ್ದು. ಪುಸ್ತಕ ಮಡಚಿ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು.

ಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳದಿರಲು ಒಂದು ಕಾರಣ ಇತ್ತು. ಗಂಡು ದಿಕ್ಕಿಲ್ಲದ ಮನೆಯಲ್ಲಿ ನಾವು ಇಬ್ಬರೇ ಹೆಣ್ಣುಮಕ್ಕಳು. ಬಂದ ಹೊಸತರಲ್ಲಿ ದಾರಿಯಲ್ಲಿ ನಿಂತು ನಮ್ಮ ಬಾಗಿಲ ಕಡೆ ನೋಡುವವರಿದ್ದರು. ಅಜ್ಜ ಒಂದು ದಿನ ಎತ್ತಿನ ಬಾರುಕೋಲು ಹಿಡಿದು ಹೊರಗೆ ಬಂದು, “ಎಂತ, ದಾರಿ ತಪ್ಪಿತಾ? ಇದು ನನ್ನ ಮಕ್ಕಳ ಮನೆ” ಎಂದರು. ಅಲ್ಲಿಗೆ ನಿಂತಿತು. ಅಂಥವರ ಹತ್ತಿರ ನಿಮ್ಮ ಹೊಗೆ ನಮಗೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? ಅವರಿಗೆ ಸಿಟ್ಟು ಬಂದರೆ, ಅವರು ಬೇರೆ ಕಡೆ ಹೋದರೆ, ನಮಗೆ ಯಾರು? ನನ್ನ ಹೆದರಿಕೆ ಅಷ್ಟೇ.

ಹೇಳದೆ ಇದ್ದದ್ದು ಮಾತ್ರವಲ್ಲ, ಆ ಚಿಲುಮೆಗೆ ಕೆಂಡ ಕೊಡುತ್ತಿದ್ದವಳೂ ನಾನೇ. ಅಜ್ಜನ ಮನೆಯಲ್ಲಿ ಒಲೆ ಇರಲಿಲ್ಲ, ಊಟ ಹೋಟೆಲಿನಲ್ಲಿ. ಬೆಂಕಿಕಡ್ಡಿಯಲ್ಲಿ ಹಚ್ಚಿದರೆ ರುಚಿ ಕೆಡುತ್ತದೆ ಎಂದು ದಿನಾ ಸಂಜೆ ಒಂದು ತೆಂಗಿನ ಗೆರಟೆ ಹಿಡಿದು ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಮನೆಯ ಬೆಂಕಿಯನ್ನು ಹೊರಗೆ ಕೊಡಬಾರದು ಎಂಬುದು ನಮ್ಮ ಕಡೆಯ ರೂಢಿ. ಅಜ್ಜ ಅದನ್ನು ಬಲ್ಲವರು. ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದರು.

“ಮಗಾ, ದೀಪ ಹಚ್ಚಿಯಾಯ್ತಾ?”

“ಇಲ್ಲ ಅಜ್ಜ, ಬನ್ನಿ.”

ಒಂದು ದಿನ ನನಗೆ ಉಪಾಯ ಹೊಳೆಯಿತು. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ದೀಪ ಹಚ್ಚಿಟ್ಟೆ. ಅಜ್ಜ ಬಂದರು, ದೀಪ ನೋಡಿದರು, ಆಕಾಶ ನೋಡಿದರು. “ಓ, ಹಚ್ಚಿಯಾಯ್ತಾ? ಹಾಗಾದ್ರೆ ಬೇಡ ಬೇಡ” ಎಂದು ಗೆರಟೆ ಕೆಳಗೆ ಮಾಡಿಕೊಂಡು ಹೋದರು. ಆ ಸಂಜೆ ಹೊಗೆ ಬರಲಿಲ್ಲ. ತಂಗಿ ಎರಡು ಪಾಠ ಓದಿದಳು. ಒಂದು ಮಾತೂ ಆಡದೆ ಗೆದ್ದೆ ಎಂದು ನನಗೆ ಖುಷಿ.

ಮರುದಿನ ಅಜ್ಜ ಸ್ವಲ್ಪ ಬೇಗ ಬಂದರು. ಅದರ ಮರುದಿನ ನಾನು ಇನ್ನೂ ಬೇಗ ಹಚ್ಚಿದೆ. ಅವರು ಇನ್ನೂ ಬೇಗ ಬಂದರು. ಒಂದು ವಾರ ಕಳೆಯುವಾಗ ನಮ್ಮ ದೀಪ ಮೂರು ಗಂಟೆಗೆ ಉರಿಯುತ್ತಿತ್ತು. ಎಡಗಡೆಯ ಬಿಡಾರದಲ್ಲಿ ಒಬ್ಬರು ಬ್ಯಾರಿ ಹೆಂಗಸು ಇದ್ದರು. ಗಂಡ ಒಣಮೀನಿನ ವ್ಯಾಪಾರಿ. ಇಡೀ ಸಾಲಿಗೆ ಅವರು ಉಮ್ಮ, ಅಂದರೆ ಅಮ್ಮ. ಅವರು ಬಾಗಿಲಲ್ಲಿ ಇಣುಕಿ ನಕ್ಕರು.

“ಎಂತ ಮಾರಾಯ್ತಿ, ನಿಮ್ಮ ಮನೆಯಲ್ಲಿ ಸೂರ್ಯ ಮುಳುಗುದು ಮಧ್ಯಾಹ್ನವಾ? ಗಾಡಿ ಅಜ್ಜನಿಗೆ ನೇರ ಹೇಳ್ಲಿಕ್ಕೆ ಆಗುದಿಲ್ವಾ? ಬೀಡಿಗೆ ಸುತ್ತಿದ ಹಾಗೆ ನಿನ್ನ ಬಾಯಿಗೂ ನೂಲು ಸುತ್ತಿದ್ದಾರಾ?”

ನಾನು ತಲೆ ಎತ್ತದೆ ಎಲೆ ಕತ್ತರಿಸುತ್ತಾ ಕೂತೆ.

ಮರುದಿನ ಅಜ್ಜನ ಕೈಯಲ್ಲಿ ಗೆರಟೆ ಇರಲಿಲ್ಲ, ಒಂದು ಕುಪ್ಪಿ ತೆಂಗಿನೆಣ್ಣೆ ಇತ್ತು. ಅದನ್ನು ಹೊಸ್ತಿಲ ಮೇಲೆ ಇಟ್ಟು ಮೆಲ್ಲಗೆ ಹೇಳಿದರು. “ಇಬ್ಬರೇ ಇರುದಕ್ಕೆ ಹೆದರಿಕೆ ಆಗ್ತದೆ ಅಲ್ವಾ? ಅದಕ್ಕೆ ಹಗಲೇ ದೀಪ ಹಚ್ಚಿ ಕೂತ್ಕೊಳ್ಳುದು. ನಂಗೆ ಗೊತ್ತಾಯ್ತು. ನಾಚಿಕೆ ಎಂತಕ್ಕೆ? ಎಣ್ಣೆ ಮುಗಿದ್ರೆ ಹೇಳು, ತಂದು ಕೊಡ್ತೇನೆ. ನಾನು ಗೋಡೆಯ ಆಚೆಯೇ ಇದ್ದೇನಲ್ಲ. ಸಣ್ಣವಳು ಕೆಮ್ಮಿದ್ರೂ ನಂಗೆ ಕೇಳ್ತದೆ. ಎಂತ ಅವಳ ಕೆಮ್ಮು, ಕಡಿಮೆ ಉಂಟಾ?”

“ಅದು ಥಂಡಿ ಅಜ್ಜ” ಎಂದೆ.

ಆ ದಿನದಿಂದ ದೀಪವನ್ನು ಅದರ ಹೊತ್ತಿಗೆ ಹಚ್ಚತೊಡಗಿದೆ. ಕೆಂಡವನ್ನು ನಾನೇ ಚಿಮಟದಲ್ಲಿ ಆರಿಸಿ ಗೆರಟೆಗೆ ಹಾಕುತ್ತಿದ್ದೆ. ಅಷ್ಟು ಒಳ್ಳೆಯ ಮನಸ್ಸಿನ ಎದುರು ಬಾಯಿ ಇನ್ನೂ ಗಟ್ಟಿಯಾಗಿ ಮುಚ್ಚಿಹೋಯಿತು. ಅಷ್ಟು ಒಳ್ಳೆಯವರಿಗೆ ಹೇಳುವುದು ಸುಲಭ ಎಂದು ನನಗೆ ಯಾಕೆ ಅನಿಸಲಿಲ್ಲವೋ.

ಮಳೆಗಾಲಕ್ಕೆ ಮೊದಲು ಬಿಡಾರದ ಧಣಿಗಳು ಒಡೆದ ಹಂಚು ನೋಡಲು ಬಂದರು. ಉಮ್ಮ ಅವರ ಹತ್ತಿರ ಹೊಗೆಯ ವಿಷಯ ತೆಗೆದರು. ತಮಗಾಗಿ ಅಲ್ಲ, ನನ್ನ ತಂಗಿಗಾಗಿ. ಅಜ್ಜ ಪೇಟೆಗೆ ಹೋಗಿದ್ದರು. ಧಣಿಗಳು ನಮ್ಮ ಅಂಗಳಕ್ಕೆ ಬಂದು ನನ್ನನ್ನು ಕರೆದರು.

“ನಿಮ್ಮದೇ ಪಕ್ಕದ ಮನೆ. ಮುದುಕನ ಹೊಗೆಯಿಂದ ನಿಮಗೆ ಉಪದ್ರ ಉಂಟಾ? ಇದ್ದದ್ದು ಹೇಳಿ. ಬೇಕಾದ್ರೆ ಬಿಡಾರ ಬಿಡ್ಲಿಕ್ಕೆ ಹೇಳ್ತೇನೆ.”

ಉಮ್ಮ ನನ್ನ ಮುಖ ನೋಡುತ್ತಿದ್ದರು. ಬಾಗಿಲ ಹಿಂದೆ ತಂಗಿಯ ಬಳೆಯ ಸದ್ದು ಕೇಳಿತು.

“ಇಲ್ಲ. ನಮಗೆ ಎಂತ ಉಪದ್ರವೂ ಇಲ್ಲ” ಎಂದೆ.

ಬಿಡಾರ ಬಿಡಿಸಬೇಡಿ, ಹೊರಗೆ ಕೂತು ಸೇದಲು ಹೇಳಿ ಎನ್ನಬಹುದಿತ್ತು. ಇಷ್ಟು ಸಣ್ಣ ಮಾತು ಆಗ ತಲೆಗೆ ಬರಲಿಲ್ಲ. ಧಣಿಗಳು ಉಮ್ಮನನ್ನು ಒಮ್ಮೆ ನೋಡಿ ಹೊರಟುಹೋದರು. ಉಮ್ಮ ಸುಳ್ಳು ಹೇಳಿದವರಾದರು. ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. “ಸಣ್ಣವಳನ್ನು ಸಂಜೆ ನನ್ನ ಜಗಲಿಗೆ ಕಳಿಸು” ಎಂದರು, ಅಷ್ಟೇ.

ತಂಗಿಯೂ ನನ್ನನ್ನು ಏನೂ ಕೇಳಲಿಲ್ಲ. ಸಂಜೆ ಪುಸ್ತಕ ಎತ್ತಿಕೊಂಡು, “ಅಕ್ಕ, ಉಮ್ಮನ ಜಗಲಿಯಲ್ಲಿ ಬೆಳಕು ಜಾಸ್ತಿ ಉಂಟು. ಅಲ್ಲಿ ಓದ್ತೇನೆ” ಎಂದಳು. ನಾನು ತಲೆ ತಗ್ಗಿಸಬಾರದು ಎಂದು ಅವಳು ಹುಡುಕಿದ ಕಾರಣ ಅದು. ಹದಿನೈದು ವರ್ಷದ ಹುಡುಗಿಗೆ ಅಷ್ಟು ತಿಳಿದಿತ್ತು.

ಮಳೆ ಜೋರಾದ ಆಟಿ ತಿಂಗಳ ಒಂದು ಸಂಜೆ. ಉಮ್ಮ ಕಡಬದ ಮಗಳ ಮನೆಗೆ ಹೋಗಿದ್ದರು. ಗಾಳಿ ಬೀಸಿ ಜಗಲಿಯ ಮೇಲೆಲ್ಲ ಮಳೆ ಹೊಡೆಯುತ್ತಿತ್ತು. ತಂಗಿ ನೆನೆದು ಒಳಗೆ ಬಂದಳು. ಅಜ್ಜ ಆಗಷ್ಟೇ ಕೆಂಡ ತೆಗೆದುಕೊಂಡು ಹೋಗಿದ್ದರು. ಮಳೆಗೆ ಹೊಗೆ ಹೊರಗೆ ಹೋಗದೆ ಹಂಚಿನ ಕೆಳಗೇ ನಿಂತಿತು. ತಂಗಿ ಕೆಮ್ಮಿದಳು, ಮತ್ತೆ ಕೆಮ್ಮಲೂ ಆಗದ ಹಾಗಾಯಿತು. ಎರಡು ಕೈಯನ್ನೂ ನೆಲಕ್ಕೆ ಊರಿ ಕೂತಳು. ತುಟಿ ನೀಲಿಯಾಯಿತು.

ನಾನು ಓಡಿಹೋಗಿ ಬಡಿದದ್ದು ಅಜ್ಜನ ಬಾಗಿಲನ್ನೇ. “ಅಜ್ಜ, ಅವಳಿಗೆ ಉಸಿರು ಬರುದಿಲ್ಲ.”

ಚಿಲುಮೆ ಎಲ್ಲಿ ಬಿದ್ದಿತೋ ಅವರು ನೋಡಲಿಲ್ಲ. ನಮ್ಮ ಕೋಣೆಗೆ ನುಗ್ಗಿ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಮಳೆಗೆ ಇಳಿದರು. ಅವರಿಗೆ ಆಗ ಅರವತ್ತು ದಾಟಿತ್ತು. ಆಸ್ಪತ್ರೆಗೆ ಏರುದಾರಿ. ನಾನು ಅವರಿಬ್ಬರ ಮೇಲೆ ತಾಳೆಗರಿಯ ಕೊಡೆ ಹಿಡಿದು ಓಡುತ್ತಿದ್ದೆ. ದಾರಿಯುದ್ದಕ್ಕೂ ಅಜ್ಜ, ಎತ್ತುಗಳಿಗೆ ಹೇಳಿದ ಹಾಗೆ, “ಬಂತು, ಬಂತು, ಇನ್ನು ಸ್ವಲ್ಪ” ಎನ್ನುತ್ತಿದ್ದರು.

ಇಂಜೆಕ್ಷನ್ ಕೊಟ್ಟು ಉಸಿರಾಟ ಸ್ವಲ್ಪ ಹದಕ್ಕೆ ಬಂದ ಮೇಲೆ ಡಾಕ್ಟರು ಕೇಳಿದರು. “ಮನೆಯಲ್ಲಿ ಯಾರು ಸೇದುದು?”

ನಾನು ತಂಗಿಯ ಒದ್ದೆ ಕೂದಲು ಒರೆಸತೊಡಗಿದೆ. ಅಜ್ಜ ನನ್ನನ್ನು ನೋಡಿದರು. ಅವರ ಮೈಯಿಂದ ನೀರು ಸುರಿಯುತ್ತಿತ್ತು.

“ನನ್ನದಾ ಮಗಾ? ಇಷ್ಟು ದಿನದ್ದು ನನ್ನದಾ?”

ನಾನು ಹೌದೆಂದು ತಲೆ ಆಡಿಸಿದೆ.

“ಥಂಡಿ ಅಂತ ಹೇಳ್ತಿದ್ದಿ ಅಲ್ವಾ?” ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. “ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಹುಲಿಯಾ ಮಾರಾಯ್ತಿ, ತಿಂತೇನಾ ನಿನ್ನನ್ನು?”

ಡಾಕ್ಟರು ನನ್ನ ಬೆರಳುಗಳನ್ನು ನೋಡಿ, ಬೀಡಿ ಕಟ್ಟುವುದಾ ಎಂದು ಕೇಳಿದರು. ತಂಬಾಕಿನ ಹುಡಿಯೂ ಅವಳ ಎದೆಗೆ ಒಳ್ಳೆಯದಲ್ಲ, ಹೊರಗೆ ಕೂತು ಕಟ್ಟಿ ಎಂದರು. ಅಲ್ಲಿಯವರೆಗೆ ಎಲ್ಲವನ್ನೂ ಮನಸ್ಸಿನಲ್ಲೇ ಅಜ್ಜನ ತಲೆಗೆ ಕಟ್ಟಿದ್ದೆ. ನನ್ನ ಮಡಿಲಿನ ತಂಬಾಕು ನನಗೆ ಕಂಡಿರಲಿಲ್ಲ.

ತಂಗಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅಜ್ಜ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಮಾಡಿನವರೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದರು. ಚಿಲುಮೆಯನ್ನು ದಾರಿಯಾಚೆ ಹಲಸಿನ ಮರದ ಬುಡಕ್ಕೆ ಕೊಂಡುಹೋಗಿದ್ದರು. ಮಳೆಯಾದರೆ ಅಲ್ಲೇ ಕೊಡೆ ಹಿಡಿದು ಕೂತು ಸೇದುತ್ತಿದ್ದರು. “ಗಾಡಿ ಓಡಿಸುವಾಗ ಇದಕ್ಕಿಂತ ದೊಡ್ಡ ಮಳೆ ನೋಡಿದ್ದೇನೆ” ಎನ್ನುತ್ತಿದ್ದರು. ಆಮೇಲೆ ನಮ್ಮ ಬಾಗಿಲಿಗೆ ಕೆಂಡ ಕೇಳಿಕೊಂಡು ಬರಲಿಲ್ಲ. ತಂಗಿಯ ಕೆಮ್ಮು ಕೇಳಿಕೊಂಡು ಮಾತ್ರ ಬರುತ್ತಿದ್ದರು. ನಾನು ಎಲೆ, ತಂಬಾಕು ಇದ್ದ ತಡ್ಪೆ ಎತ್ತಿಕೊಂಡು ಬೀಡಿ ಕಟ್ಟಲು ಜಗಲಿಗೆ ಬಂದೆ. ಉಮ್ಮ ಕಡಬದಿಂದ ಬಂದು ತಟ್ಟಿಯನ್ನು ನೋಡಿದರು. “ಇಷ್ಟೇ ಕೆಲಸ ಇದ್ದದ್ದಾ?” ಎಂದು ಕೇಳಿದರು. ಹೌದು, ಅಷ್ಟೇ ಇತ್ತು.

ಆದರೆ ತಂಗಿಗೆ ತಿಂಗಳುಗಟ್ಟಲೆ ಶಾಲೆ ತಪ್ಪಿತು. ಅದು ಅವಳ ಎಸ್ಸೆಸ್ಸೆಲ್ಸಿ ವರ್ಷ. ಪರೀಕ್ಷೆಗೆ ಮುಂದಿನ ವರ್ಷ ಕೂರು ಎಂದು ಮೇಷ್ಟ್ರು ಹೇಳಿದರು. ಜೊತೆಯವರೆಲ್ಲ ಪಾಸಾಗಿ ಹೋದ ಮೇಲೆ ಅವಳು ಚಿಕ್ಕವರ ಜೊತೆ ಅದೇ ಬೆಂಚಿನಲ್ಲಿ ಕೂತಳು. ಆಗಲೂ ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ. ಮರುವರ್ಷ ಪಾಸಾದಳು. ಅಜ್ಜ ಆರು ಬಿಡಾರಕ್ಕೂ ಬೆಲ್ಲ ಹಂಚಿದರು. ಉಮ್ಮ ಅವಳ ತಲೆ ಸವರಿ ಅತ್ತರು.

ಟೀಚರ್ ಟ್ರೈನಿಂಗ್ ಮುಗಿಸಿ ಅವಳು ಪಂಜದ ಹತ್ತಿರದ ಒಂದು ಶಾಲೆಗೆ ಸೇರಿದಾಗ ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಜ್ಜ ಅದಕ್ಕೆ ಸ್ವಲ್ಪ ಮೊದಲು ಸುಳ್ಯದ ತಮ್ಮನ ಮಕ್ಕಳ ಮನೆಯಲ್ಲಿ ತೀರಿಕೊಂಡಿದ್ದರು. ಈ ಇಬ್ಬರು, ಅಜ್ಜ ಮತ್ತು ಉಮ್ಮ, ನಮಗೆ ಏನು ಕೊಟ್ಟರು ಎಂದು ಈಗಲೂ ದಿನಾ ನೆನೆಯುತ್ತೇನೆ. ಅಜ್ಜ ಇರುವಾಗಲೇ ಅವರ ಕಾಲು ಮುಟ್ಟಿ ಕ್ಷಮಿಸಿ ಎಂದಿದ್ದೆ, ಅವರು ನಕ್ಕು ಎಬ್ಬಿಸಿದ್ದರು. ಉಮ್ಮನಿಗೂ ಹೇಳಿದ್ದೆ. ಬಾಕಿ ಇದ್ದದ್ದು ತಂಗಿ ಒಬ್ಬಳೇ.

ಮೊದಲ ಸಲ ಅವಳ ಬಾಡಿಗೆ ಮನೆಗೆ ಹೋದಾಗ ಜೊತೆಯ ಟೀಚರ್ ಒಬ್ಬರು ಚಹಾಕ್ಕೆ ಬಂದಿದ್ದರು. ತಂಗಿ ನನ್ನ ಭುಜ ಹಿಡಿದು, “ಇವಳು ನನ್ನ ಅಕ್ಕ. ಬೀಡಿ ಕಟ್ಟಿ ನನ್ನನ್ನು ಓದಿಸಿದ್ದು. ಒಂದು ದಿನ ಕೂಡ ನಂಗೆ ಉಪದ್ರ ಆಗ್ಲಿಕ್ಕೆ ಬಿಡ್ಲಿಲ್ಲ” ಎಂದಳು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆ ಟೀಚರ್ ಹೋದ ಮೇಲೆ ತಂಗಿ ದೀಪಕ್ಕೆ ಬತ್ತಿ ಹಾಕಿದಳು. ಹೊರಗೆ ಇನ್ನೂ ಸ್ವಲ್ಪ ಬಿಸಿಲಿತ್ತು. ತಿರುಗಿ ನನ್ನನ್ನು ನೋಡಿ ನಕ್ಕಳು. “ಎಂತ ಅಕ್ಕ, ಈಗ ಹಚ್ಚಬಹುದಾ? ಮೂರು ಗಂಟೆಗೇ ಹಚ್ಚಿದವಳು ನೀನು. ನಂಗೋಸ್ಕರ ಅಂತ ನಂಗೆ ಆಗಲೇ ಗೊತ್ತಿತ್ತು.”

ಅವಳು ನೆನಪಿಟ್ಟದ್ದು ಅದನ್ನು. ನನಗೆ ಇನ್ನು ತಡೆಯಲಾಗಲಿಲ್ಲ. ಅವಳ ಕೈಯಿಂದ ಬೆಂಕಿಪೆಟ್ಟಿಗೆ ತೆಗೆದು ಕೆಳಗಿಟ್ಟೆ.

“ದೀಪ ಹಚ್ಚಿದ್ದು ಹೌದು. ಬಾಯಿ ಬಿಟ್ಟು ಹೇಳ್ಲಿಲ್ಲ. ಧಣಿಗಳು ಕೇಳಿದ ದಿನ ನೀನು ಬಾಗಿಲ ಹಿಂದೆ ಇದ್ದಿ, ನಂಗೆ ಗೊತ್ತಿತ್ತು. ಗೊತ್ತಿದ್ದೂ ಉಪದ್ರ ಇಲ್ಲ ಅಂತ ಹೇಳಿದೆ. ಉಪದ್ರ ಇತ್ತು. ನಿನ್ನ ಒಂದು ವರ್ಷ ಹೋದದ್ದು ನನ್ನಿಂದ. ತಪ್ಪಾಯ್ತು ತಂಗೀ, ನಂದು ತಪ್ಪಾಯ್ತು.”